ಕ್ಲಾರಿಯೋನೆಟ್ ಎಂಬ ಕುಟುಂಬ: ನಮ್ಮೂರ ಬ್ಯಾಂಡಿನಿಂದ ಜಗತ್ತಿನ ಇತಿಹಾಸಕ್ಕೆ



ಆಳಂದ, ಅಫಜಲಪುರ ಅಥವಾ ಜೇವರ್ಗಿಯ ಯಾವುದೇ ಓಣಿಯಲ್ಲಿ ಮದುವೆಯ ಮೆರವಣಿಗೆ ಹೊರಟಾಗ ನೀವು ಬಾಗಿಲಿಗೆ ಬಂದು ನಿಂತು ನೋಡಿರುತ್ತೀರಿ. ಮುಂದೆ ದೊಡ್ಡ ಡೋಲು, ಅದರ ಹಿಂದೆ ಹಿತ್ತಾಳೆಯ ಹೊಳೆಯುವ ತುತ್ತೂರಿಗಳು. ಇವುಗಳ ನಡುವೆ ಎಲ್ಲೋ ಒಬ್ಬ ವಯಸ್ಸಾದ ಕಲಾವಿದ, ಕೈಯಲ್ಲಿ ಕಪ್ಪು ಬಣ್ಣದ ನೆಟ್ಟಗಿನ ಕೊಳವೆ, ಅದರ ಮೈತುಂಬ ಬೆಳ್ಳಿ ಬಣ್ಣದ ಕೀಲಿಗಳು. ಹಾಡಿನ ಮುಖ್ಯ ಧಾಟಿಯನ್ನು ಹಿಡಿದು ನಡೆಸುವವನು ಅನೇಕ ಸಲ ಅವನೇ. ಆ ವಾದ್ಯದ ಹೆಸರೇನೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಚಿಕ್ಕವರು ಅದನ್ನು "ಪೀಪಿ" ಎನ್ನುತ್ತಾರೆ. ಬ್ಯಾಂಡಿನವರು "ಕ್ಲಾರ್ನೆಟ್" ಎನ್ನುತ್ತಾರೆ. ಪುಸ್ತಕದಲ್ಲಿ ಅದು ಕ್ಲಾರಿಯೋನೆಟ್.

ಶಿಕ್ಷಣ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ವಾದ್ಯದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಸಂಗೀತದ ಬಗ್ಗೆ ನಮ್ಮ ಧಾರ್ಮಿಕ ವಿದ್ವಾಂಸರಲ್ಲಿ ಬಹಳ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಅದನ್ನು ಬಗೆಹರಿಸುವ ಅರ್ಹತೆ ಈ ಲೇಖಕನಿಗಿಲ್ಲ. ಅದು ಈ ಲೇಖನದ ಉದ್ದೇಶವೂ ಅಲ್ಲ. ಇಲ್ಲಿ ಹೇಳಹೊರಟಿರುವುದು ಇತಿಹಾಸ, ಸ್ವಲ್ಪ ಭೌತಶಾಸ್ತ್ರ, ಮತ್ತು ನಮ್ಮ ನೆರೆಯಲ್ಲೇ ಇದ್ದೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲವು ಜನರ ವಿದ್ಯೆಯ ವಿಷಯ.

ಹಾವಾಡಿಗನ ಪುಂಗಿಯೂ ಇದರ ಬಂಧುವೇ

ಚಿಕ್ಕಂದಿನಲ್ಲಿ ನೀವು ಪಪ್ಪಾಯಿ ಎಲೆಯ ದಂಟನ್ನು ಕಿತ್ತು, ಒಂದು ಕಡೆ ಸೀಳು ಕೊಟ್ಟು ಊದಿರಬಹುದು. ಸೀಳಿನ ಪಟ್ಟಿ ಉಸಿರಿಗೆ ಅದುರಿ ಸದ್ದು ಹೊರಡುತ್ತದೆ. ದಂಟನ್ನು ತುಂಡರಿಸುತ್ತ ಹೋದರೆ ಸದ್ದು ಏರುತ್ತ ಹೋಗುತ್ತದೆ. ಈ ಮಕ್ಕಳಾಟದಲ್ಲಿ ಕ್ಲಾರಿಯೋನೆಟ್ಟಿನ ಎರಡು ಮೂಲ ತತ್ವಗಳು ಅಡಗಿವೆ. ಅದುರುವ ಒಂದೇ ಒಂದು ನಾಲಿಗೆ ಮೊದಲನೆಯದು. ಉದ್ದಕ್ಕೆ ತಕ್ಕಂತೆ ಸ್ವರ ಎಂಬುದು ಎರಡನೆಯದು.

ಶಹನಾಯಿಯ ನಾಲಿಗೆ ಬೇರೆ ಬಗೆಯದು. ಅಲ್ಲಿ ಎರಡು ಪದರಗಳು ಒಂದಕ್ಕೊಂದು ತಾಗಿ ಅದುರುತ್ತವೆ, ಕೊಳವೆಯೂ ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ನಾಲಿಗೆ ಒಂದೇ, ಕೊಳವೆಯ ಒಳಗಿನ ಅಗಲ ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಸಮ. ಈ ಲೆಕ್ಕದಲ್ಲಿ ಅದರ ಹತ್ತಿರದ ಬಂಧು ಹಾವಾಡಿಗನ ಪುಂಗಿ. ಸೋರೆಬುರುಡೆಯ ಒಳಗೆ ಕೂತ ಎರಡು ಬಿದಿರಿನ ಕೊಳವೆಗಳಲ್ಲಿ ಒಂದೊಂದು ನಾಲಿಗೆ ಅದುರುತ್ತದೆ. ಅರಬ್ ನಾಡುಗಳ ಜುಮ್ಮಾರಾ ಎಂಬ ಜೋಡಿಕೊಳವೆಯೂ ಇದೇ ಜಾತಿಗೆ ಸೇರಿದ್ದು. ಅಂತಹ ವಾದ್ಯದ ಚಿತ್ರಗಳು ಪ್ರಾಚೀನ ಈಜಿಪ್ಟಿನ ಗೋರಿಗಳ ಗೋಡೆಯ ಮೇಲೆಯೂ ಸಿಕ್ಕಿವೆ.

ಕೊಳವೆಯ ಅಳತೆಗೂ ಸ್ವರಕ್ಕೂ ಇರುವ ಸಂಬಂಧವನ್ನು ವಿಚಾರಿಸಿದ ಹಳಬರಲ್ಲಿ ನಮ್ಮ ತತ್ವಜ್ಞಾನಿ ಅಲ್-ಫಾರಾಬಿಯ ಹೆಸರು ಬರುತ್ತದೆ. ಕ್ರಿ.ಶ. 950ರಲ್ಲಿ ತೀರಿಕೊಂಡ ಈತ ಬರೆದ 'ಕಿತಾಬ್ ಅಲ್-ಮೂಸಿಖಾ ಅಲ್-ಕಬೀರ್' ಎಂಬ ಬೃಹತ್ ಗ್ರಂಥದಲ್ಲಿ ಊದುವ ವಾದ್ಯಗಳ ಚರ್ಚೆಯೂ ಇದೆ. ಸಂಗೀತವನ್ನು ಗಣಿತದ ಒಂದು ಶಾಖೆಯಾಗಿ ಓದಿದ ಕಾಲ ಅದು.

ನ್ಯೂರೆಂಬರ್ಗಿನ ಕುಶಲಕರ್ಮಿ

ಈಗಿನ ಕ್ಲಾರಿಯೋನೆಟ್ ಹುಟ್ಟಿದ್ದು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ, ಸುಮಾರು 1700ರಲ್ಲಿ. ಯೋಹಾನ್ ಕ್ರಿಸ್ಟೋಫ್ ಡೆನ್ನರ್ (1655-1707) ಎಂಬ ವಾದ್ಯ ತಯಾರಕನಿಗೆ ಅದರ ಕೀರ್ತಿ ಸಲ್ಲುತ್ತದೆ. ಆಗ ಷಾಲುಮೊ ಎಂಬ ಒಂಟಿ ನಾಲಿಗೆಯ ಸಣ್ಣ ವಾದ್ಯವಿತ್ತು. ಅದರಲ್ಲಿ ಕೆಳಗಿನ ಕೆಲವು ಸ್ವರಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು. ಡೆನ್ನರ್ ಅದನ್ನು ಸುಧಾರಿಸಿ, ಒಂದು ಸಣ್ಣ ರಂಧ್ರವನ್ನು ತೆರೆದರೆ ಮೇಲಿನ ಸ್ವರಗಳು ತುತ್ತೂರಿಯಂತೆ ಹೊಮ್ಮುವ ಹಾಗೆ ಮಾಡಿದ. ಅದಕ್ಕೇ ಹೊಸ ವಾದ್ಯಕ್ಕೆ "ಚಿಕ್ಕ ತುತ್ತೂರಿ" ಎಂಬ ಅರ್ಥದ ಹೆಸರು ಬಂತು. ಮೊದಲಿಗೆ ಅದರಲ್ಲಿದ್ದ ಕೀಲಿಗಳು ಎರಡೇ.

ಒಂದೇ ಕೊಳವೆ ಏಕೆ ಸಾಲಲಿಲ್ಲ?

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಬೇಕು. ಪಾಶ್ಚಾತ್ಯರ ಅಡ್ಡಕೊಳಲು ಸುಮಾರು 67 ಸೆಂಟಿಮೀಟರ್ ಉದ್ದ. ಸಾಮಾನ್ಯ ಕ್ಲಾರಿಯೋನೆಟ್ಟೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಆದರೆ ಆ ಕೊಳಲಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 262 ಕಂಪನಗಳದ್ದಾದರೆ, ಕ್ಲಾರಿಯೋನೆಟ್ಟಿನದು ಸುಮಾರು 147. ಒಂದು ಸಪ್ತಕಕ್ಕೆ ಸ್ವಲ್ಪವೇ ಕಡಿಮೆ ಎನ್ನುವಷ್ಟು ಕೆಳಗೆ ಅದು ಇಳಿಯುತ್ತದೆ. ಕಾರಣವೇನೆಂದರೆ, ಕೊಳಲಿನ ಕೊಳವೆ ಎರಡೂ ತುದಿಯಲ್ಲಿ ತೆರೆದಿರುತ್ತದೆ. ಕ್ಲಾರಿಯೋನೆಟ್ಟಿನ ಕೊಳವೆ ನಾಲಿಗೆಯ ತುದಿಯಲ್ಲಿ ಮುಚ್ಚಿದ ಕೊಳವೆಯಂತೆ ವರ್ತಿಸುತ್ತದೆ. ಪಿ.ಯು.ಸಿ. ಪಠ್ಯದಲ್ಲಿ ನೀವು ಓದುವ ತೆರೆದ ಮತ್ತು ಮುಚ್ಚಿದ ವಾಯುಸ್ತಂಭಗಳ ಪಾಠ ಇದೇ.

ಈ ಗುಣದ ಜೊತೆಗೆ ಒಂದು ತೊಂದರೆಯೂ ಬಂತು. ಕೊಳಲು, ಶಹನಾಯಿಗಳಲ್ಲಿ ಉಸಿರನ್ನು ಬಿಗಿ ಮಾಡಿದರೆ ಅದೇ ಬೆರಳಿಗೆ ಮೇಲಿನ ಸಪ್ತಕದ ಅದೇ ಸ್ವರ ಬರುತ್ತದೆ. ಸಾ ಹಿಡಿದಲ್ಲಿ ತಾರ ಸಾ. ಕ್ಲಾರಿಯೋನೆಟ್ಟಿನಲ್ಲಿ ಹಾಗಲ್ಲ. ಸಾ ಹಿಡಿದ ಬೆರಳಿಗೆ ಮೇಲೆ ಹೋದಾಗ ಬರುವುದು ಮುಂದಿನ ಸಪ್ತಕದ ಪಾ. ಅಂದರೆ ಬೆರಳುಗಳು ಮತ್ತೆ ಮೊದಲಿಂದ ಆರಂಭಿಸುವ ಮುನ್ನ ಕೋಮಲ, ತೀವ್ರ ಎಲ್ಲ ಸೇರಿ 19 ಸ್ವರಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಬಲಗೈ ಹೆಬ್ಬೆರಳು ವಾದ್ಯವನ್ನು ಹೊರುವುದರಿಂದ ಉಳಿಯುವ ಬೆರಳುಗಳು ಒಂಬತ್ತೇ. ಆದ್ದರಿಂದಲೇ ಅದಕ್ಕೆ ಅಷ್ಟೊಂದು ಕೀಲಿಗಳು.

ಕೀಲಿಗಳು ನಾಲ್ಕೈದೇ ಇದ್ದ ಕಾಲದಲ್ಲಿ ಕೆಲವು ಶ್ರುತಿಗಳಲ್ಲಿ ಸುಲಭವಾಗಿ ನುಡಿಯುತ್ತಿದ್ದ ವಾದ್ಯ ಬೇರೆ ಶ್ರುತಿಗಳಲ್ಲಿ ಬೆರಳಿಗೆ ಒಗ್ಗುತ್ತಿರಲಿಲ್ಲ. ಆಗ ತಯಾರಕರು ಒಂದು ಸರಳ ಉಪಾಯ ಮಾಡಿದರು. ಬೆರಳಾಟವನ್ನು ಬದಲಿಸುವ ಬದಲು ಕೊಳವೆಯನ್ನೇ ಬದಲಿಸಿದರು. ತುಸು ಉದ್ದದ್ದು, ತುಸು ಗಿಡ್ಡದ್ದು ಹೀಗೆ ಬೇರೆ ಬೇರೆ ಅಳತೆಯವನ್ನು ಮಾಡಿ ಇಟ್ಟುಕೊಂಡರು. ಕುಟುಂಬ ಬೆಳೆದದ್ದು ಹೀಗೆ.

ಪೇಟಿಯ ಪಟ್ಟಿಯ ಮೇಲೆ ಕುಟುಂಬದ ಪರಿಚಯ

ಈ ಅಳತೆಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರುವುದರಿಂದ ಓದುವವರಿಗೆ ತಲೆನೋವು. ನಮ್ಮ ಕಡೆ ಪೇಟಿ ನುಡಿಸುವವರ "ಬಿಳಿ ಒಂದು, ಕಪ್ಪು ಐದು" ಎಂಬ ಲೆಕ್ಕದಲ್ಲಿ ಹೇಳಿದರೆ ಸುಲಭವಾದೀತು. ಕ್ಲಾರಿಯೋನೆಟ್ಟಿನಲ್ಲಿ "ಸಿ" ಎಂದು ಕಲಿಸುವ ಬೆರಳನ್ನು ನಾವು ಸಾ ಎಂದು ಕರೆಯೋಣ. ಆ ಬೆರಳು ಹಿಡಿದು ಊದಿದಾಗ ಪೇಟಿಯ ಯಾವ ಮನೆಯ ಸ್ವರ ಕೇಳುತ್ತದೋ ಅದೇ ಆ ವಾದ್ಯದ ಹೆಸರು.

ನಮ್ಮ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬಿ-ಫ್ಲಾಟ್, ಅಂದರೆ ಕಪ್ಪು ಐದು. ಅದರ ಅಣ್ಣನಂತಿರುವುದು ಎ, ಅಂದರೆ ಬಿಳಿ ಆರು. ಇದರ ಉದ್ದ ಸುಮಾರು 70 ಸೆಂಟಿಮೀಟರ್, ದನಿ ಬಿ-ಫ್ಲಾಟಿಗಿಂತ ಅರ್ಧ ಸ್ವರ ಕೆಳಗೆ. ಪಾಶ್ಚಾತ್ಯ ವಾದ್ಯವೃಂದದ ಕಲಾವಿದರು ಈ ಎರಡನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೇ ವೇದಿಕೆಗೆ ಬರುತ್ತಾರೆ. ಸಿ ಕ್ಲಾರಿಯೋನೆಟ್ ಬಿಳಿ ಒಂದು. ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದು ಈಗ ಕಡಿಮೆಯಾಗಿದೆ.

ಇ-ಫ್ಲಾಟ್ ಎಂಬುದು ಕಪ್ಪು ಎರಡು. ಉದ್ದ ಸುಮಾರು 49 ಸೆಂಟಿಮೀಟರ್. ದನಿ ಚುರುಕು, ಬಯಲಿನಲ್ಲಿ ದೂರಕ್ಕೆ ಕೇಳುವುದರಿಂದ ಮಿಲಿಟರಿ ಬ್ಯಾಂಡುಗಳಿಗೆ ಅಚ್ಚುಮೆಚ್ಚು. ಅದಕ್ಕಿಂತಲೂ ಚಿಕ್ಕದು ಎ-ಫ್ಲಾಟ್, ಅಂದರೆ ಕಪ್ಪು ನಾಲ್ಕು. ಉದ್ದ ಒಂದು ಅಡಿಗಿಂತ ತುಸು ಹೆಚ್ಚು, ಅಷ್ಟೇ. ಇದು ಯುರೋಪಿನ ಕೆಲವು ಬ್ಯಾಂಡುಗಳಲ್ಲಿ ಮಾತ್ರ ಕಾಣಸಿಗುತ್ತದೆ.

ಇನ್ನು ಕೆಳಗಿಳಿದರೆ, ಬಿಳಿ ನಾಲ್ಕರ ಬ್ಯಾಸೆಟ್ ಹಾರ್ನ್ ಇದೆ. ಚಿಕ್ಕ ಇ-ಫ್ಲಾಟಿಗಿಂತ ಒಂದು ಸಪ್ತಕ ಕೆಳಗಿನ ಆಲ್ಟೋ ಇದೆ. ಬಿ-ಫ್ಲಾಟಿಗಿಂತ ಒಂದು ಸಪ್ತಕ ಕೆಳಗಿನ ಬಾಸ್ ಕ್ಲಾರಿಯೋನೆಟ್ ಇದೆ. ಒಂದು ಸಪ್ತಕ ಇಳಿಯಬೇಕಾದರೆ ಕೊಳವೆಯ ಉದ್ದ ಸುಮಾರು ಎರಡು ಪಟ್ಟಾಗಬೇಕು. ಆದ್ದರಿಂದ ಬಾಸ್ ಕ್ಲಾರಿಯೋನೆಟ್ಟಿನ ಮೇಲ್ತುದಿಯನ್ನು ಲೋಹದ ಕೊಕ್ಕಿನಂತೆ ಬಾಗಿಸಿ, ಕೆಳತುದಿಯನ್ನು ಮೇಲಕ್ಕೆ ತಿರುಗಿಸಿರುತ್ತಾರೆ. ಇಲ್ಲವಾದರೆ ನುಡಿಸುವವನ ಕೈಗೆ ಎಟುಕದು. ಅದನ್ನು ಸುಧಾರಿಸಿ 1838ರಲ್ಲಿ ಹಕ್ಕುಪತ್ರ ಪಡೆದವನು ಅಡಾಲ್ಫ್ ಸಾಕ್ಸ್. ಮುಂದೆ ಸ್ಯಾಕ್ಸೋಫೋನ್ ಮಾಡಿದವನೂ ಅವನೇ. ಎಲ್ಲಕ್ಕಿಂತ ಕೆಳಗೆ ಕಾಂಟ್ರಾಬಾಸ್, ಸಾಮಾನ್ಯ ಕ್ಲಾರಿಯೋನೆಟ್ಟಿಗಿಂತ ಎರಡು ಸಪ್ತಕ ಕೆಳಗೆ.

ಈ ಕುಟುಂಬದ ಸೊಗಸು ಎಲ್ಲಿದೆಯೆಂದರೆ, ಎಲ್ಲ ಸದಸ್ಯರಿಗೂ ಬೆರಳಾಟ ಮುಖ್ಯವಾಗಿ ಒಂದೇ. ಒಂದನ್ನು ಕಲಿತವನು ಉಳಿದವನ್ನೂ ಹಿಡಿಯಬಲ್ಲ. ಆದರೆ ಜೊತೆಯಾಗಿ ನುಡಿಸುವಾಗ ಲೆಕ್ಕ ಬೇಕು. ಬಿ-ಫ್ಲಾಟ್ ಹಿಡಿದವನು ಸಾ ಊದಿದಾಗ ಅದೇ ದನಿ ಹೊರಡಿಸಲು ಇ-ಫ್ಲಾಟ್ ಹಿಡಿದವನು ತನ್ನ ವಾದ್ಯದಲ್ಲಿ ಪಾ ಊದಬೇಕು. ಇಬ್ಬರೂ ತಮ್ಮ ತಮ್ಮ ಸಾ ಊದಿದರೆ ಒಬ್ಬನ ಸಾ ಇನ್ನೊಬ್ಬನಿಗೆ ಮಾ ಆಗಿ ಕೇಳುತ್ತದೆ. ಪೇಟಿಯ ಮೇಲೆ ಕಪ್ಪು ಐದರಿಂದ ಮುಂದಿನ ಕಪ್ಪು ಎರಡಕ್ಕೆ ಎಣಿಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಈ ಲೆಕ್ಕವನ್ನು ಕಾಗದವಿಲ್ಲದೆ, ನಡೆಯುತ್ತ ನಡೆಯುತ್ತ ಮಾಡುವ ಬ್ಯಾಂಡ್ ಮಾಸ್ತರನಿಗೆ ಗಣಿತ ಬರುವುದಿಲ್ಲ ಎಂದು ಹೇಳಲಾದೀತೇ?

1812ರ ಒಂದು ತೀರ್ಪು

ಇವಾನ್ ಮ್ಯೂಲರ್ ಎಂಬ ಕಲಾವಿದ 13 ಕೀಲಿಗಳ ಹೊಸ ಕ್ಲಾರಿಯೋನೆಟ್ಟನ್ನು 1812ರಲ್ಲಿ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದ ತಜ್ಞರ ಮುಂದಿಟ್ಟ. ಈ ಒಂದೇ ವಾದ್ಯದಲ್ಲಿ ಎಲ್ಲ ಶ್ರುತಿಗಳನ್ನೂ ನುಡಿಸಬಹುದು, ಇನ್ನು ಹಲವು ಅಳತೆಗಳ ಹಂಗಿಲ್ಲ ಎಂಬುದು ಅವನ ವಾದ. ತಜ್ಞರು ಒಪ್ಪಲಿಲ್ಲ. ಪ್ರತಿ ಅಳತೆಯ ವಾದ್ಯಕ್ಕೂ ಅದರದೇ ಆದ ದನಿಯ ಗುಣವಿದೆ, ಒಂದನ್ನೇ ಉಳಿಸಿಕೊಂಡರೆ ಉಳಿದವುಗಳ ಗುಣ ಕಳೆದುಹೋಗುತ್ತದೆ ಎಂದರು.

ಕಾಲಕ್ರಮದಲ್ಲಿ ಇಬ್ಬರೂ ಅರ್ಧ ಗೆದ್ದರು. ಮ್ಯೂಲರನ ಸುಧಾರಣೆ ಎಲ್ಲೆಡೆ ಹರಡಿತು. ಕ್ಲೋಸೆ ಎಂಬ ಗುರು ಮತ್ತು ಬ್ಯುಫೆ ಎಂಬ ತಯಾರಕ ಸೇರಿ 1839ರಲ್ಲಿ ತೋರಿಸಿದ ಹೊಸ ವ್ಯವಸ್ಥೆಯಿಂದ ಇಂದಿನ 17 ಕೀಲಿಗಳ ಕ್ಲಾರಿಯೋನೆಟ್ ಬಂತು. ಎಲ್ಲ ಶ್ರುತಿಯೂ ಒಂದರಲ್ಲೇ ಸಾಧ್ಯವಾಯಿತು. ಆದರೂ ಕುಟುಂಬ ಒಡೆಯಲಿಲ್ಲ. ಮೊಜಾರ್ಟ್ 1791ರಲ್ಲಿ ಎ ಅಳತೆಯ ಕ್ಲಾರಿಯೋನೆಟ್ಟಿಗೆಂದು ಬರೆದ ಪ್ರಸಿದ್ಧ ರಚನೆಯನ್ನು ಇಂದಿಗೂ ಎ ವಾದ್ಯದಲ್ಲೇ ನುಡಿಸುತ್ತಾರೆ.

ಭಾರತಕ್ಕೆ ಬಂದ ದಾರಿ

ಕ್ಲಾರಿಯೋನೆಟ್ ಭಾರತಕ್ಕೆ ಬಂದದ್ದು ಮುಖ್ಯವಾಗಿ ಬ್ರಿಟಿಷ್ ಸೈನ್ಯದ ಬ್ಯಾಂಡುಗಳ ಜೊತೆಗೆ. ದೇಶೀ ಸಂಸ್ಥಾನಗಳೂ ಅಂತಹ ಬ್ಯಾಂಡುಗಳನ್ನು ಇಟ್ಟುಕೊಂಡವು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು. ನಿಜಾಮರ ಸೈನ್ಯಕ್ಕೂ ಬ್ಯಾಂಡುಗಳಿದ್ದವು. ನಮ್ಮ ಕಲಬುರಗಿ ಜಿಲ್ಲೆ 1948ರವರೆಗೆ ನಿಜಾಮರ ಆಡಳಿತದಲ್ಲಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು ಎಂಬುದನ್ನು ನೆನಪಿಡಬೇಕು. ದಕ್ಷಿಣದಲ್ಲಿ 19ನೇ ಶತಮಾನದಲ್ಲೇ ತಂಜಾವೂರಿನ ಮಹಾದೇವ ನಟ್ಟುವನಾರ್ ಅದನ್ನು ನೃತ್ಯದ ಹಿಮ್ಮೇಳಕ್ಕೆ ತಂದರು. ಮುಂದೆ ಎ.ಕೆ.ಸಿ. ನಟರಾಜನ್ ಅದನ್ನು ಕರ್ನಾಟಕ ಸಂಗೀತ ಕಛೇರಿಯ ಪ್ರಧಾನ ವಾದ್ಯವಾಗಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ನಮ್ಮ ಭಾಗದವರು ಹೆಮ್ಮೆಪಡಬೇಕಾದ ಹೆಸರು ರಾಯಚೂರು ಜಿಲ್ಲೆಯ ಪಂಡಿತ ನರಸಿಂಹಲು ವಡವಾಟಿ ಅವರದು. ಸಿದ್ಧರಾಮ ಜಂಬಲದಿನ್ನಿಯವರಲ್ಲಿ ಸಂಗೀತ ಕಲಿತ ಅವರು ಕ್ಲಾರಿಯೋನೆಟ್ಟಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದರು. ಕೀಲಿಗಳ ಈ ವಾದ್ಯದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ತರುವುದು ಸುಲಭವಲ್ಲ. ಬೆರಳನ್ನು ರಂಧ್ರದ ಮೇಲಿಂದ ಮೆಲ್ಲನೆ ಸರಿಸಬೇಕು, ತುಟಿಯ ಹಿಡಿತವನ್ನೂ ಜೊತೆಗೇ ಸಡಿಲಿಸಬೇಕು. ನಮ್ಮ ದೇಶದ ಅನೇಕ ಕಲಾವಿದರು ಹಳೆಯ ಬಗೆಯ, ಕಡಿಮೆ ಕೀಲಿಗಳ ವಾದ್ಯವನ್ನೇ ಇಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣ. ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಅಡ್ಡಿ ಅಲ್ಲಿ ಕಡಿಮೆ.

ವಾದ್ಯ ತಯಾರಿಕೆಯಲ್ಲಿಯೂ ನಮ್ಮವರಿದ್ದಾರೆ. ಉತ್ತರ ಪ್ರದೇಶದ ಮೇರಠ ನಗರದ ಜಾಲಿಕೋಠಿ ಬಡಾವಣೆ ಬ್ಯಾಂಡ್ ವಾದ್ಯಗಳಿಗೆ ಹೆಸರುವಾಸಿ. ಅಲ್ಲಿ 1885ರಲ್ಲಿ ನಾದಿರ್ ಅಲಿ ಎಂಬುವರು ಆರಂಭಿಸಿದ ಸಂಸ್ಥೆಯ ಹೆಸರು ಬ್ಯಾಂಡಿನವರಿಗೆಲ್ಲ ಪರಿಚಿತ. ಮುಸ್ಲಿಂ ಕುಶಲಕರ್ಮಿಗಳು ತಲೆಮಾರುಗಳಿಂದ ಈ ಕಸುಬನ್ನು ನಡೆಸಿಕೊಂಡು ಬಂದಿದ್ದಾರೆ. ಕ್ಲಾರಿಯೋನೆಟ್ಟಿನ ಒಳ್ಳೆಯ ಮರ ಆಫ್ರಿಕಾದ ಕರಿಮರ. ಅದು ನಮ್ಮ ಮಲೆನಾಡಿನ ಬೀಟೆಮರದ ಕುಲದ್ದೇ. ಅಗ್ಗದ ವಾದ್ಯಗಳನ್ನು ಎಬೊನೈಟ್ ಮತ್ತು ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ.

ನಮ್ಮದೂ ಒಂದು ಕುಟುಂಬವಿತ್ತು

ಒಂದೇ ವಾದ್ಯವನ್ನು ಹಲವು ಅಳತೆಗಳಲ್ಲಿ ಮಾಡುವ ಬುದ್ಧಿ ಯುರೋಪಿನದು ಮಾತ್ರವೇ ಎಂದು ಭಾವಿಸಬೇಡಿ. ನಾಗಸ್ವರದಲ್ಲಿ ಗಿಡ್ಡನೆಯ, ಏರುದನಿಯ ತಿಮಿರಿ ಇದೆ. ಉದ್ದನೆಯ, ಇಳಿದನಿಯ ಬಾರಿ ಇದೆ. ಶಹನಾಯಿಗೆ ಸುಂದರಿ ಎಂಬ ಚಿಕ್ಕ ತಂಗಿ ಇದ್ದಾಳೆ. ಈ ಸುಂದರಿಯ ತವರು ನಮಗೆ ಬಹಳ ಹತ್ತಿರ. ಆಳಂದ, ಅಫಜಲಪುರಗಳ ಗಡಿ ದಾಟಿದರೆ ಸಿಗುವ ಅಕ್ಕಲಕೋಟ-ಸೊಲ್ಲಾಪುರ ಸೀಮೆಯ ಜಾಧವ ಮನೆತನ ಅದನ್ನು ಬೆಳೆಸಿತು. ಅಂಗೈಯಗಲದ ಆ ರಂಧ್ರಗಳ ಸಾಲಿನಲ್ಲಿ ಪೂರ್ಣ ರಾಗವನ್ನು ಬಿಡಿಸುವ ಕೌಶಲ ಅವರದು.

ಊದುವ ವಾದ್ಯಗಳ ಈ ಲೋಕದಲ್ಲಿ ಮುಸ್ಲಿಂ ಕಲಾವಿದರ ಪಾಲು ಚಿಕ್ಕದಲ್ಲ. ಶಹನಾಯಿಯ ಉಸ್ತಾದ್ ಬಿಸ್ಮಿಲ್ಲಾ ಖಾನರಿಗೆ 2001ರಲ್ಲಿ ಭಾರತರತ್ನ ಬಂತು. 1977ರ ಕನ್ನಡ ಚಿತ್ರ 'ಸನಾದಿ ಅಪ್ಪಣ್ಣ'ದಲ್ಲಿ ಡಾ. ರಾಜಕುಮಾರರ ಪಾತ್ರದ ಹಿಂದೆ ಮೊಳಗಿದ್ದು ಅವರದೇ ಶಹನಾಯಿ. ನಾಗಸ್ವರದ ಶೇಖ್ ಚಿನ್ನ ಮೌಲಾನಾ (1924-1999) ಆಂಧ್ರದಲ್ಲಿ ಹುಟ್ಟಿ ಶ್ರೀರಂಗದಲ್ಲಿ ನೆಲೆಸಿ, ದೇವಾಲಯಗಳ ವಾದ್ಯಕ್ಕೆ ಗೌರವ ತಂದರು. ಆದರೆ ಊರೂರಿನ ಬ್ಯಾಂಡುಗಳಲ್ಲಿ ಬಾಳು ಸವೆಸಿದ ಸಾವಿರಾರು ಜನರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ನಾವು ಮಾಡಬೇಕಾದುದು

ಮಿತ್ರರೇ, ಈಗ ನಮ್ಮ ಮೂರು ತಾಲೂಕುಗಳಿಗೆ ಹಿಂದಿರುಗೋಣ. ಮೆರವಣಿಗೆಗಳಿಗೆ ಡಿ.ಜೆ. ಪೆಟ್ಟಿಗೆಗಳು ಬಂದ ಮೇಲೆ ಬ್ಯಾಂಡಿನವರ ಕೆಲಸ ಕುಗ್ಗಿದೆ. ಬ್ಯಾಂಡಿನೊಳಗೂ ಗಟ್ಟಿದನಿಯ ತುತ್ತೂರಿ ಮುಂದೆ ಬಂದು ಕ್ಲಾರಿಯೋನೆಟ್ ಹಿಂದೆ ಸರಿದಿದೆ. ಅದನ್ನು ಕಲಿಯಲು ವರ್ಷಗಳು ಬೇಕು. ಕೊಡುವ ಕೂಲಿ ಮದುವೆಯ ಕೆಲವು ತಿಂಗಳಿಗೆ ಮಾತ್ರ. ಹಳೆಯ ವಾದ್ಯ ಕೆಟ್ಟರೆ ಸರಿಮಾಡುವವರು ಹತ್ತಿರದಲ್ಲಿಲ್ಲ. ತಂದೆ ನುಡಿಸಿದ್ದನ್ನು ಮಗ ನುಡಿಸದಿದ್ದರೆ ನಾವು ಅವನನ್ನು ದೂರುವಂತಿಲ್ಲ. ಆದರೆ ಮಗನಿಗೆ ಶಾಲೆಯೂ ಸಿಗದೆ, ತಂದೆಯ ವಿದ್ಯೆಯೂ ಸಿಗದೆ ಹೋದರೆ ಅದರ ಹೊಣೆ ಸಮಾಜದ ಮೇಲಿದೆ.

ನಮ್ಮವರಲ್ಲೇ ಕೆಲವರು "ಬಾಜಾದವರು" ಎಂದು ಇವರನ್ನು ಹಗುರವಾಗಿ ಮಾತಾಡುವುದುಂಟು. ಮದುವೆಗೆ ಕರೆಯುತ್ತೇವೆ, ಪಂಕ್ತಿಯಲ್ಲಿ ಕೊನೆಗೆ ಕೂರಿಸುತ್ತೇವೆ. ಬ್ಯಾಂಡು ಬೇಡವೆನ್ನುವುದು ಒಬ್ಬೊಬ್ಬರ ಧರ್ಮಶ್ರದ್ಧೆಗೆ ಬಿಟ್ಟ ವಿಷಯ. ಮನುಷ್ಯನನ್ನು ಕೀಳಾಗಿ ಕಾಣುವುದಕ್ಕೆ ಧರ್ಮದಲ್ಲಿ ಜಾಗವಿಲ್ಲ.

ಆದ್ದರಿಂದ ಮೂರು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ಇತಿಹಾಸ ಓದುವ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಬ್ಯಾಂಡ್ ಕಲಾವಿದರ ಬಳಿ ಹೋಗಿ ಕುಳಿತು ಬರೆದುಕೊಳ್ಳಿ: ಯಾರಿಂದ ಕಲಿತರು, ವಾದ್ಯ ಎಲ್ಲಿಂದ ಬಂತು, ಅದರ ಮೇಲೆ ಯಾವ ಮುದ್ರೆಯಿದೆ, ಅದು ಪೇಟಿಯ ಎಷ್ಟನೇ ಪಟ್ಟಿಯದು, ಯಾವ ಯಾವ ಊರಿಗೆ ಹೋಗಿ ನುಡಿಸಿದರು. ವಿಜ್ಞಾನದ ಶಿಕ್ಷಕರು ವಾಯುಸ್ತಂಭದ ಪಾಠ ಮಾಡುವ ದಿನ ಅಂತಹ ಒಬ್ಬ ಕಲಾವಿದರನ್ನು ತರಗತಿಗೆ ಕರೆಸಿ. ಒಂದು ಗಂಟೆಯಲ್ಲಿ ಮಕ್ಕಳಿಗೆ ತಿಳಿಯುವುದು ಚಿತ್ರ ನೋಡಿ ತಿಳಿಯುವುದಕ್ಕಿಂತ ಹೆಚ್ಚು. ಸದಸ್ಯರು ವಿದ್ಯಾರ್ಥಿವೇತನಕ್ಕೆ ಮಕ್ಕಳನ್ನು ಆರಿಸುವಾಗ, ಮದುವೆಯ ದಿನಗಳಲ್ಲಿ ತಂದೆಯ ಜೊತೆ ಊರೂರು ಸುತ್ತಿ ಹಾಜರಾತಿ ಕಳೆದುಕೊಳ್ಳುವ ಮಕ್ಕಳನ್ನು ಮರೆಯಬೇಡಿ.

ಕ್ಲಾರಿಯೋನೆಟ್ ಕುಟುಂಬದಲ್ಲಿ ಒಂದು ಅಡಿಯದೂ ಇದೆ, ಮನುಷ್ಯನಿಗಿಂತ ಎತ್ತರದ್ದೂ ಇದೆ. ಬೆರಳಾಟ ಒಂದೇ, ದನಿ ಬೇರೆ ಬೇರೆ. ಯಾವುದನ್ನು ಬಿಟ್ಟರೂ ಮೇಳ ಅಷ್ಟು ಬಡವಾಗುತ್ತದೆ ಎಂದು 1812ರ ಆ ತಜ್ಞರು ಹೇಳಿದರು. ನಮ್ಮ ಸಂಸ್ಥೆಯ ಬಾಗಿಲು ತೆರೆಯುವಾಗಲೂ ಆ ಮಾತು ನೆನಪಿರಲಿ. ಮುಂದಿನ ಸಲ ಓಣಿಯಲ್ಲಿ ಮೆರವಣಿಗೆ ಬಂದಾಗ ಆ ಕಪ್ಪು ಕೊಳವೆಯ ಕಲಾವಿದರಿಗೆ ಸಲಾಂ ಹೇಳಿ, "ನಿಮ್ಮ ವಾದ್ಯ ಕಪ್ಪು ಐದರದೇ, ಚಾಚಾ?" ಎಂದು ಕೇಳಿ ನೋಡಿ. ಮಾತು ಅಲ್ಲಿಂದಲೇ ಶುರುವಾದೀತು.